ಒಗಟಿನ ಮೇಷ್ಟ್ರು ಓಟಿಗೆ ನಿಂತದ್ದು

ಅವರ ಎರಡು ಹುಬ್ಬುಗಳಿಗೆ ಒಂದಕ್ಕೊಂದು ಮಾತುಕತೆ ಇರಲಿಲ್ಲ. ಅವರ ಒಗಟಿಗೆ ಯಾರಾದರೂ ಸರಿಯಾದ ಉತ್ತರ ಹೇಳಿದರೆ ಎಡಗಡೆಯ ಹುಬ್ಬು ಹಣೆಯ ಅರ್ಧದವರೆಗೆ ಏರಿಬಿಡುತ್ತಿತ್ತು. ಬಲಗಡೆಯದು ಏನೂ ಆಗಿಲ್ಲವೆಂಬಂತೆ ಮಲಗಿರುತ್ತಿತ್ತು. ಸಿನಿಮಾ ಟೆಂಟಿನಲ್ಲಿ ಮುಂದುಗಡೆ ಮರಳಿನ ಮೇಲೆ ಕೂರುವವರು ಒಗಟಿನ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಕೂಗುತ್ತ ಆ ಎಡಹುಬ್ಬನ್ನೇ ನೋಡುತ್ತಿದ್ದರು.

ಯುದ್ಧದ ಕಾಲದಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದು ಬೀಡುಬಿಟ್ಟ ಆ ಸಿನಿಮಾ ಟೆಂಟಿಗೆ ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದು ಇನ್ನೊಂದು ಏರುವವರೆಗೆ ಪರದೆ ಬಿಳಿಚಿಕೊಂಡು ನಿಲ್ಲುತ್ತಿತ್ತು; ಜನ ಶಿಳ್ಳೆ ಹೊಡೆದು ಮರಳು ತೂರುತ್ತಿದ್ದರು. ಅದಕ್ಕೆ ಟೆಂಟಿನ ಮಾಲೀಕರು ಕಂಡುಕೊಂಡ ಮದ್ದು ನಮ್ಮ ಪಕ್ಕದ ಮನೆಯವರು. ಪಂಚೆಯ ಮೇಲೆ ಕರಿ ಕೋಟು ಹಾಕಿಕೊಂಡು ಪರದೆಯ ಮುಂದೆ ಬಂದು ನಿಲ್ಲುತ್ತಿದ್ದರು, ಒಂದು ಒಗಟು ಹಾಕುತ್ತಿದ್ದರು, ಬಿಡಿಸಿದವರಿಗೆ ಸೋಪು ಕೊಡುತ್ತಿದ್ದರು. ಯುದ್ಧ ಬಿಗಿಯಾದಂತೆ ಸೋಪು ಹೋಗಿ ಬಾಚಣಿಗೆ ಬಂತು, ಬಾಚಣಿಗೆ ಹೋಗಿ ಬೆಂಕಿಪೊಟ್ಟಣ ಬಂತು. ಜನ ಮಾತ್ರ ಕಮ್ಮಿಯಾಗಲಿಲ್ಲ. ಸಿನಿಮಾ ನೋಡಿದವರೂ ಅದನ್ನೇ ಮತ್ತೆ ನೋಡಲು ಬರುತ್ತಿದ್ದರು, ಒಗಟು ಹೊಸದಲ್ಲವೇ ಎಂದು.

ಊರು ಅವರನ್ನು ಒಗಟಿನ ಮೇಷ್ಟ್ರು ಎಂದಿತು. ಅವರು ಮೇಷ್ಟ್ರಲ್ಲ, ಮಗ್ಗದವರು. ಟೆಂಟಿನ ಕೆಲಸ ಕುದುರಿದ ಮೇಲೆ ಮಗ್ಗವನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದರು. ಒಂದು ನಿಯಮ ಇಟ್ಟುಕೊಂಡಿದ್ದರು: ಯಾರ ಉತ್ತರಕ್ಕೂ ತಪ್ಪು ಎನ್ನುತ್ತಿರಲಿಲ್ಲ. ಆಕಾಶ ಎನ್ನಬೇಕಾದ ಕಡೆ ಯಾರಾದರೂ ಅವರೆಕಾಯಿ ಎಂದರೂ, "ಹತ್ತಿರ ಬಂದ್ರಿ" ಎನ್ನುತ್ತಿದ್ದರು. ಆ ಮನುಷ್ಯ ಉಬ್ಬಿಹೋಗಿ ಇನ್ನೊಂದು ಉತ್ತರ ಹುಡುಕುತ್ತಿದ್ದ.

ನನಗೆ ಇದು ಒಪ್ಪಿಗೆಯಾಗಿರಲಿಲ್ಲ. ನಾನು ಆಗ ಬೆಂಗಳೂರಿನಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ಚರ್ಚಾಕೂಟದಲ್ಲಿ ಗಂಡುಹುಡುಗರ ಎದುರು ನಿಂತು ಬಹುಮಾನದ ಎರಡು ಬಟ್ಟಲು ಗೆದ್ದು ತಂದಿದ್ದೆ. ಶನಿವಾರದ ರೈಲಿಗೆ ಊರಿಗೆ ಬಂದರೆ ಯಾರ ಮಾತಿನಲ್ಲಿ ಎಲ್ಲಿ ತೂತಿದೆ ಎಂದು ನೋಡುವುದೇ ಕೆಲಸ. ತಪ್ಪನ್ನು ತಪ್ಪು ಎನ್ನದೆ ಹೋದರೆ ಸರಿಗೆ ಏನು ಬೆಲೆ ಎಂದು ಅವರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಹತ್ತಿರ ಬಂದೆ ತಾಯಿ" ಎಂದರು.

ಸೇಡು ತೀರಿಸಿಕೊಳ್ಳಲು ಒಂದು ಸಂಜೆ ಟೆಂಟಿಗೆ ಹೋದೆ. "ಕೆಲ್ಸ ಮಾಡ್ದಷ್ಟೂ ಸಣ್ಣಗಾಗೋದು ಯಾವ್ದು?" ಎಂದು ಅವರು ಸೋಪನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಉತ್ತರ ಅವರ ಕೈಯಲ್ಲೇ ಇತ್ತು. ಜನ ಕೂಗುವುದಕ್ಕೆ ಬಾಯಿ ತೆರೆದಿದ್ದರು. ನಾನು ಹೆಂಗಸರ ಕಡೆಯಿಂದ ಎದ್ದು ನಿಂತು, "ನೇಕಾರ" ಎಂದೆ.

ಟೆಂಟು ಬಿದ್ದು ಬಿದ್ದು ನಕ್ಕಿತು. ಅವತ್ತು ಮಾತ್ರ ಮೇಷ್ಟ್ರ ಎರಡು ಹುಬ್ಬುಗಳೂ ಏರಿದವು. ಸೋಪು ನನಗೆ ಬಂತು. ಮಾರನೆಯ ವಾರದಿಂದ ಅವರ ಒಗಟುಗಳಿಗೆ ಸ್ವಲ್ಪ ಖಾರ ಸೇರಿತು ಎಂದು ಜನ ಹೇಳುತ್ತಿದ್ದರು. ಅದಕ್ಕೆ ನಾನು ಕಾರಣ ಎಂದು ನಮ್ಮಮ್ಮ ಬೈದರು.

ಆ ಖಾರವೇ ಅವರನ್ನು ಓಟಿಗೆ ನಿಲ್ಲಿಸಿತು. ಯುದ್ಧ ಮುಗಿದಿತ್ತು. ನಮ್ಮ ನೇಕಾರರ ಬೀದಿಯಲ್ಲಿ ಪುರಸಭೆಯವರು ಒಂದು ಕಂಬ ನೆಟ್ಟು, ಅದರ ತಲೆಗೆ ಗಾಜಿನ ಗೂಡು ಕೂರಿಸಿ, ದೀಪ ಇಡುವುದನ್ನು ಮರೆತಿದ್ದರು. ನಮ್ಮ ಬೀದಿಯ ಮೆಂಬರು ನೂಲಿನ ಸಾಹುಕಾರರು. ಅವರು ಟೆಂಟಿನ ಕುರ್ಚಿಯಲ್ಲಿ ಕೂತಿದ್ದ ದಿನವೇ ಮೇಷ್ಟ್ರು ಕೇಳಿದರು: "ಒಂಟಿ ಕಾಲು, ತಲೆ ಮೇಲೆ ಗೂಡು, ಗೂಡಲ್ಲಿ ಹಕ್ಕಿ ಇಲ್ಲ. ಏನು?" ನಮ್ಮ ಬೀದಿಯವರೆಲ್ಲ ಒಂದೇ ಗಂಟಲಿನಲ್ಲಿ ಉತ್ತರ ಕೂಗಿದರು. ಸಾಹುಕಾರರು ಮುಂದಿನ ರೀಲಿಗೆ ಕಾಯಲಿಲ್ಲ.

ಬೆಳಗಾಗುವುದರೊಳಗೆ ಮೇಷ್ಟ್ರ ಜಗಲಿಯ ಮೇಲೆ ಜನ. ಬರುವ ಚುನಾವಣೆಗೆ ನೀವೇ ನಿಲ್ಲಿ ಎಂದರು. ನಾನು ಬೇಡವೆಂದು ವಾದಿಸಿದೆ. ಜನ ನಿಮ್ಮನ್ನು ಕಂಡರೆ ನಗುತ್ತಾರೆ, ನಗುವುದು ಬೇರೆ ನಂಬುವುದು ಬೇರೆ ಎಂದೆ. ಅವರು, ನಂಬದೇ ಇರುವವನ ಎದುರು ಯಾರೂ ಬಾಯಿಬಿಟ್ಟು ನಗುವುದಿಲ್ಲ ಎಂದರು. ಅದಕ್ಕೆ ಉತ್ತರ ನನಗೆ ಹೊಳೆದದ್ದು ಬೆಂಗಳೂರಿಗೆ ಹೋಗುವ ರೈಲಿನಲ್ಲಿ. ಅವರ ಹೆಂಡತಿಯನ್ನು ನಾವು ಅಕ್ಕಮ್ಮ ಎನ್ನುತ್ತಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಗೆದ್ರೆ ಇವ್ರಿಗೇನ್ ಕೊಡ್ತಾರೆ? ಸೋಪಾ?"

ನಿಂತದ್ದು ಸುಲಭವಾಗಿತ್ತು. ಆಮೇಲೆ ಸಾಹುಕಾರರ ಕಡೆಯವರು ಟೆಂಟಿನ ಬೆಂಕಿಪೊಟ್ಟಣವೂ ಲಂಚವೇ ಎಂದು ತಕರಾರು ತೆಗೆದರು. ತರ್ಕ ನೋಡಿದರೆ ಅವರ ಮಾತು ಸರಿಯಾಗಿಯೇ ಇತ್ತು; ನಾನೇ ಮೇಷ್ಟ್ರಿಗೆ ಹಾಗೆ ಹೇಳಿದೆ. ಅವರು ಅವತ್ತೇ ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದರು. ಟೆಂಟಿನ ಮಾಲೀಕರು ಗ್ರಾಮಫೋನು ತಂದಿಟ್ಟರು. ಸೋತು ಬಂದರೆ ಮತ್ತೆ ಪರದೆಯ ಮುಂದೆ ನಿಲ್ಲಿಸುವುದಿಲ್ಲ ಎಂದು ಮೊದಲೇ ತಿಳಿಸಿಬಿಟ್ಟರು: ಸೋತವನು ನಿಂತರೆ ಜನ ಒಗಟಿಗೆ ನಗುವುದಿಲ್ಲ, ಅವನಿಗೆ ನಗುತ್ತಾರೆ. ಅಲ್ಲಿಗೆ ಮಗ್ಗವೂ ಇಲ್ಲ, ಪರದೆಯೂ ಇಲ್ಲ. ಗೆಲ್ಲದೆ ಬೇರೆ ದಾರಿ ಇರಲಿಲ್ಲ. ಸಂಜೆಹೊತ್ತು ಟೆಂಟಿನಿಂದ ಹಾಡು ಕೇಳಿಸಿದರೆ ಮೇಷ್ಟ್ರು ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಇನ್ನೊಂದು ತೊಡಕು ಕಂಡಿತು. ಓದಲು ಬಾರದವರು ಅಧಿಕಾರಿಯ ಮುಂದೆ ನಿಂತು ತಮಗೆ ಬೇಕಾದ ಉಮೇದುವಾರರ ಹೆಸರು ಹೇಳಬೇಕು, ಅವರು ಗುರುತು ಹಾಕುತ್ತಾರೆ. ಆದರೆ ಮೇಷ್ಟ್ರ ಹೆಸರು ಯಾರಿಗೆ ಗೊತ್ತು? ಪಕ್ಕದ ಮನೆಯ ನನಗೇ ಗೊತ್ತಿರಲಿಲ್ಲ. ಒಗಟಿನ ಮೇಷ್ಟ್ರು ಎಂದರೆ ಸಾಲದು, ಪಟ್ಟಿಯಲ್ಲಿರುವ ಹೆಸರೇ ಬೇಕು ಎಂದು ಕಚೇರಿಯವರು ಹೇಳಿದರು. ಮನೆಮನೆಗೆ ಹೋಗಿ ಹೆಸರು ಹೇಳಿಕೊಡೋಣ ಎಂದೆ. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. "ಹೇಳ್ಕೊಟ್ಟ ಹೆಸ್ರು ಮರೀತಾರೆ ತಾಯಿ. ಬಿಡ್ಸಿದ್ ಹೆಸ್ರು ಮರೆಯಲ್ಲ" ಎಂದು, ತಮ್ಮ ಹೆಸರನ್ನೇ ಒಗಟು ಮಾಡಿ ಬೀದಿಗೆ ಬಿಟ್ಟರು:

"ಎಲ್ರೂ ಅಮೃತಕ್ಕೆ ಕೈಯೊಡ್ಡುದ್ರು, ಇವನೊಬ್ಬ ಬೇರೇದುಂಡ. ಉಂಡಿದ್ದು ಗಂಟ್ಲಲ್ಲಿ ನಿಂತ್ಕೊಂತು, ಹೆಸ್ರು ಊರಲ್ಲಿ ನಿಂತ್ಕೊಂತು. ಯಾರಪ್ಪ?"

ಬೀದಿ ಅದನ್ನು ಬಿಡಿಸಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ನಮ್ಮ ಕಡೆ ಅದು ಅಪರೂಪದ ಹೆಸರೂ ಅಲ್ಲ. ಓದುವವರಿಗೂ ಈಗಾಗಲೇ ಹೊಳೆದಿರುತ್ತದೆ. ನಾನಂತೂ ಇಲ್ಲಿ ಬರೆಯುವುದಿಲ್ಲ.

ಚುನಾವಣೆಯ ದಿನ ಹೆಂಗಸರಿಗೆ ಶಾಲೆಯ ಒಂದು ಕೋಣೆ. ಅಲ್ಲಿ ಮೇಷ್ಟ್ರ ಪರವಾಗಿ ಕೂರಲು ಓದಿದ ಹೆಣ್ಣುಮಗಳು ಬೇಕಾಗಿತ್ತು. ಅಪ್ಪ ಮೀನಮೇಷ ಎಣಿಸಿದರು, ಸೋಪಿನ ವಿಷಯಕ್ಕೆ ಬೈದಿದ್ದ ಅಮ್ಮನೇ ಹೋಗು ಎಂದರು. ಕೋಣೆಯಲ್ಲಿದ್ದವರು ಮೂವರು: ಬೆಂಗಳೂರಿನಿಂದ ಬಂದಿದ್ದ ಅಧಿಕಾರಿಗಳು, ಸಾಹುಕಾರರ ಗುಮಾಸ್ತೆ, ನಾನು. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳು ಹೆಂಗಸರ ಹೆಸರಿನಲ್ಲಿದ್ದವು, ಕಂದಾಯ ಕಟ್ಟುವವರಿಗೆ ಓಟು. ಹಾಗಾಗಿ ಸಾಲು ಉದ್ದವಾಗಿಯೇ ಇತ್ತು.

ಮೊದಲು ಬಂದವರು ಮೂಲೆಮನೆ ಅಜ್ಜಿ. ಯಾರಿಗೆ ಓಟು ಎಂದು ಅಧಿಕಾರಿಗಳು ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತರು. ಅವರು ಮತ್ತೆ ಕೇಳಿದರು. ಅಜ್ಜಿ ನನ್ನ ಮುಖ ನೋಡಿದರು. ಆಗ ನನಗೆ ನೆನಪಾಯಿತು. ತೀರಿಹೋದ ಅಜ್ಜಿಯ ಯಜಮಾನರದ್ದೂ ಅದೇ ಹೆಸರು. ಹಿಂದೆ ನಿಂತಿದ್ದವರಲ್ಲಿ ಒಬ್ಬರ ಗಂಡನದ್ದು ಅದೇ, ಇನ್ನೊಬ್ಬರ ಮಾವನದ್ದು ಅದೇ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಇಡೀ ಸಾಲಿನಲ್ಲಿ ಇರಲಿಲ್ಲ. ಒಗಟು ಬಿಡಿಸುವುದನ್ನು ಕಲಿಸಿದೆವು, ಉತ್ತರ ಹೇಳುವುದು ಹೇಗೆಂದು ಮೇಷ್ಟ್ರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಅಜ್ಜಿ ಯೋಚಿಸಿಕೊಂಡೇ ಬಂದಿದ್ದರೋ ಏನೋ. ಗಂಟಲು ಸರಿಮಾಡಿಕೊಂಡು, "ಎಲ್ರೂ ಅಮೃತಕ್ಕೆ ಕೈಯೊಡ್ಡುದ್ರು" ಎಂದು ಶುರುಮಾಡಿ ಒಗಟನ್ನು ಪೂರ್ತಿ ಒಪ್ಪಿಸಿದರು.

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿದರು. ಗುಮಾಸ್ತೆ ಎದ್ದು ನಿಂತು, ಒಗಟು ಹೆಸರಲ್ಲ, ಓಟು ರದ್ದು ಎಂದ. ನಾನೂ ಎದ್ದೆ. ನಿಯಮವನ್ನು ಓದಲು ಕೇಳಿಕೊಂಡೆ. ಉಮೇದುವಾರರು ಯಾರೆಂದು ಓಟುದಾರರು ಅಧಿಕಾರಿಗೆ 'ತಿಳಿಸತಕ್ಕದ್ದು' ಎಂದಿತ್ತು. ಉಚ್ಚರಿಸತಕ್ಕದ್ದು ಎಂದಿಲ್ಲ ಎಂದು ತೋರಿಸಿದೆ. ಬಟ್ಟಲು ಗೆದ್ದಾಗಲೂ ನನ್ನ ದನಿ ಅಷ್ಟು ಗಟ್ಟಿಯಾಗಿರಲಿಲ್ಲ.

"ನನಗೇ ತಿಳಿಯದಿದ್ದರೆ ತಿಳಿಸಿದ ಹಾಗೆ ಹೇಗಾಯ್ತಮ್ಮ?" ಎಂದರು ಅಧಿಕಾರಿಗಳು. ನ್ಯಾಯವಾದ ಪ್ರಶ್ನೆ.

"ಹಾಗಾದ್ರೆ ನೀವು ಬಿಡಿಸ್ಬೇಕು" ಎಂದೆ.

ಗುಮಾಸ್ತೆ ಉತ್ತರವನ್ನು ಯಾರೂ ಹೇಳಿಕೊಡಕೂಡದು ಎಂದು ಪಟ್ಟು ಹಿಡಿದ. ಅದನ್ನೂ ಒಪ್ಪಿದೆವು. ಅಧಿಕಾರಿಗಳು ಪಟ್ಟಿಯತ್ತ ಕಣ್ಣು ಹಾಯಿಸಿದರು. ಅದರಲ್ಲಿ ಇದ್ದದ್ದೇ ಎರಡು ಹೆಸರು. "ಪಟ್ಟಿ ನೋಡ್ಬೇಡಿ ಸ್ವಾಮಿ, ಅದು ಮೋಸ" ಎಂದರು ಅಜ್ಜಿ. ಆ ದೊಡ್ಡ ಮನುಷ್ಯರು ನಾಚಿಕೊಂಡು ಪಟ್ಟಿಯನ್ನು ಬೋರಲು ಹಾಕಿಬಿಟ್ಟರು. ಈ ಒಂದು ಕಾರಣಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಗೌರವ.

"ಈಶ್ವರ?" ಎಂದರು ಸ್ವಲ್ಪ ಹೊತ್ತಿನ ಮೇಲೆ.

"ಹತ್ತಿರ ಬಂದ್ರಿ" ಎಂದಿತು ಇಡೀ ಸಾಲು.

"ನೀಲಕಂಠ?"

"ಇನ್ನೂ ಹತ್ತಿರ."

ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಗುಮಾಸ್ತೆಗೆ ಉತ್ತರ ಗೊತ್ತಿತ್ತು. ಅವನ ತುಟಿ ತನ್ನಷ್ಟಕ್ಕೆ ಅಲುಗುತ್ತಿತ್ತು, ಪಾಪ. ಕೊನೆಗೆ ಅಧಿಕಾರಿಗಳು ಮೇಜು ತಟ್ಟಿ ಹೆಸರು ಕೂಗಿದರು. ಅಜ್ಜಿ, ಸದ್ಯ ತಾನು ಹೇಳಲಿಲ್ಲವಲ್ಲ ಎಂಬಂತೆ ಕೈಮುಗಿದರು. ಗುರುತು ಬಿತ್ತು. ಆಮೇಲೆ ಬಂದವರೆಲ್ಲ ಒಗಟಿನ ಮೊದಲ ಸಾಲು ಹೇಳುವಷ್ಟರಲ್ಲೇ ಅವರು ಸಾಕು ಸಾಕು ಎಂದು ನಗುತ್ತ ಗುರುತು ಹಾಕುತ್ತಿದ್ದರು.

ಅಕ್ಕಮ್ಮ ಬಂದದ್ದು ಸಾಲು ಕರಗಿದ ಮೇಲೆ. ಇವರೇ ಉಮೇದುವಾರರ ಹೆಂಡತಿ ಎಂದು ತಿಳಿದು ಅಧಿಕಾರಿಗಳು ಎದ್ದು ನಮಸ್ಕಾರ ಮಾಡಿದರು. ನೀವೂ ಒಗಟು ಹೇಳಿದರೆ ಸಾಕಮ್ಮ, ನನಗೀಗ ಬರುತ್ತದೆ ಎಂದರು. ಗುಮಾಸ್ತೆಯೂ ತಕರಾರು ತೆಗೆಯಲಿಲ್ಲ.

"ಒಗಟು ಕೇಳಿ ಕೇಳಿ ಸಾಕಾಗಿದೆ ಸ್ವಾಮಿ" ಎಂದರು ಅಕ್ಕಮ್ಮ. "ಮನೇಲಿ ಉಪ್ಪು ತನ್ನಿ ಅಂದ್ರೂ ಒಗಟು. ಇದೊಂದಾದ್ರೂ ನೆಟ್ಟಗೆ ಹೇಳ್ತೀನಿ."

ಹೇಳಿದರು. ಗಂಡನ ಹೆಸರು, ಮುಂದೆ ಮನೆತನದ ಹೆಸರು ಸೇರಿಸಿ, ಪಟ್ಟಿಯಲ್ಲಿ ಇದ್ದ ಹಾಗೆ. ಹೊರಗೆ ಜಗಲಿಯ ಮೇಲೆ ಕೂತಿದ್ದ ಹೆಂಗಸರು ಒಮ್ಮೆಗೇ ಬಾಗಿಲ ಕಡೆ ತಿರುಗಿದರು. ನನ್ನ ಕಾಲೇಜಿನಲ್ಲಿ ಸ್ತ್ರೀ ಸಮಾನತೆಯ ಪರವಾಗಿ ಅರ್ಧ ಗಂಟೆ ಮಾತಾಡಿದವಳು ನಾನು. ಅವತ್ತು ನನ್ನ ಕೈ ತಾನಾಗಿ ಕಿವಿ ಮುಚ್ಚಲು ಹೋಯಿತು. ಯಾಕೆಂದು ಈಗಲೂ ತರ್ಕಕ್ಕೆ ಸಿಕ್ಕಿಲ್ಲ.

ಮೇಷ್ಟ್ರು ಗೆದ್ದರು. ಸಾಹುಕಾರರೇ ಮೊದಲು ಬಂದು ಹಾರ ಹಾಕಿ, ನಿಮ್ಮ ಒಗಟಿಗೆ ಸೋತೆ ಎಂದರು. ಕೆಲವು ತಿಂಗಳಿಗೆ ನಮ್ಮ ಬೀದಿಯ ಗೂಡಿಗೆ ಹಕ್ಕಿ ಬಂತು. ಪುರಸಭೆಯಲ್ಲಿ ಮೇಷ್ಟ್ರು ಭಾಷಣ ಮಾಡಿದ್ದನ್ನು ಯಾರೂ ಕೇಳಿಲ್ಲ. ಅಧ್ಯಕ್ಷರು ಏನೇ ನೆಪ ಹೇಳಿದರೂ ಹತ್ತಿರ ಬಂದ್ರಿ, ಹತ್ತಿರ ಬಂದ್ರಿ ಎಂದು ಕೂತಿರುತ್ತಿದ್ದರಂತೆ, ಅವರು ನೆಪ ಮುಗಿದು ನಿಜ ಹೇಳುವವರೆಗೆ. ಚರಂಡಿ, ಸಂತೆಯ ನೆರಳಿಗೆ ತಗಡು, ಒಂದೊಂದೇ ಹೀಗೆ ಬಿಡಿಸಿಕೊಂಡು ತಂದರು. ಟೆಂಟಿನವರೂ ಕರೆದರು, ತಿಂಗಳಿಗೊಂದು ಸಲ ಬಹುಮಾನವಿಲ್ಲದೆ ಒಗಟು ಹಾಕಿ ಬರುತ್ತಿದ್ದರು. ನಾನು ಊರಿಗೆ ಬಂದಾಗಲೆಲ್ಲ ಜಗಲಿಯಲ್ಲಿ ನಮಗಿಬ್ಬರಿಗೂ ಜಗಳ. ಅಷ್ಟು ಖುಷಿಯಾಗಿ ಜಗಳವಾಡುವವರನ್ನು ನಾನು ಬೇರೆ ಕಂಡಿಲ್ಲ.

ಕಳೆದ ವರ್ಷ ಜ್ವರ ಬಂದು ನಾಲ್ಕಾರು ದಿನದಲ್ಲಿ ಹೋಗಿಬಿಟ್ಟರು.

ಸುದ್ದಿ ತಿಳಿದು ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಡುಮನೆಯಲ್ಲಿ ಹೆಂಗಸರು ಕೂತಿದ್ದರು. ಮೂಲೆಮನೆ ಅಜ್ಜಿ ಅಕ್ಕಮ್ಮನ ಕಡೆ ತಿರುಗಿ, ಕೆಟ್ಟ ಮನಸ್ಸಿನಿಂದಲ್ಲ, ಲೋಕದ ಮಾತು ಹೇಳುವ ಹಾಗೆ, ಅವತ್ತು ಹೆಸರು ಹೇಳಬಾರದಿತ್ತು ಕಣಮ್ಮ, ಗಂಡನ ಆಯುಸ್ಸು ತಿನ್ನುತ್ತದೆ ಎಂದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಹೆಸರು ಹೇಳದೇ ಇದ್ದ ನಿಮ್ಮ ಯಜಮಾನರು ಎಷ್ಟು ವರ್ಷ ಬದುಕಿದರು ಅಜ್ಜಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಒಳ್ಳೆಯ ವಾದ, ಮುರಿಯಲಾಗದ ವಾದ. ಅಕ್ಕಮ್ಮ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು.

"ಹೇಳ್ದೆ ಕಣಜ್ಜಿ" ಎಂದರು. "ಹೇಳ್ದೆ ಇದ್ದಿದ್ರೆ ಸೋತು, ಹಿತ್ಲಲ್ಲಿ ಕೂತು ಕೊರಗಿ ಕೊರಗಿ ಆವಾಗ್ಲೇ ಹೋಗಿರೋರು. ಈ ಎರಡು ವರ್ಷ ಎಷ್ಟು ನಗ್ತಾ ಇದ್ರು, ನೀನೇ ನೋಡಿಲ್ವಾ? ಅದು ನಾನು ಹೇಳಿ ಕೊಟ್ಟಿದ್ದು."

ಅಂದವರೇ, ಯಾರೂ ಕೇಳದೆ, ಆ ಹೆಸರನ್ನು ಇನ್ನೊಂದು ಸಲ ಹೇಳಿದರು.

ಅಜ್ಜಿ ಅಕ್ಕಮ್ಮನ ಹತ್ತಿರಕ್ಕೆ ಸರಿದು ಕೂತರು. ಆಮೇಲೆ, ತಮ್ಮ ಯಜಮಾನರದ್ದೂ ಅದೇ ಹೆಸರಲ್ಲವೇ, ಹಲ್ಲಿಲ್ಲದ ಬಾಯಲ್ಲಿ ಅದನ್ನು ಮೆಲ್ಲಗೆ ಅಂದುನೋಡಿದರು. ಏನೂ ಆಗಲಿಲ್ಲ. ಸುತ್ತ ಒಮ್ಮೆ ಕಣ್ಣು ಹಾಯಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಮದುಮಗಳ ಹಾಗೆ ನಾಚಿ, ಮತ್ತೆ ಹೇಳಿದರು. ಈ ಸಲ ಸ್ವಲ್ಪ ಜೋರಾಗಿ.