ತಿಪ್ಪಿಯ ಗ್ಯಾಲಕ್ಸಿಗಳು

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹತ್ತಿರ ಬಸ್ಸು ನಿಧಾನವಾದಾಗ ಶೇಂಗಾ ಹಿಂಡಿಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಮೊಳಕಾಲ್ಮೂರಿನ ಕಾಲೇಜಿಗೆ ಪಾಠ ಹೇಳಲು ದಿನಾ ಇದೇ ದಾರಿಯಲ್ಲಿ ಹೋಗುವ ನನಗೆ ಆಗೆಲ್ಲ ತಿಪ್ಪಿಯ ನೆನಪು. ನಮ್ಮ ಚಿಕ್ಕಪ್ಪನ ಮಗಳು ತಿಪ್ಪಮ್ಮ ಪಿಯುಸಿ ಓದುವಾಗ ಮಿಲ್ಲಿನ ಹಿಂದಿನ ಬೀದಿಯ ನಮ್ಮ ಮನೆಯಲ್ಲೇ ಇದ್ದಳು. ಈ ವಾಸನೆ ಬಂದರೆ ಸಾಕು, ಹಸಿವು ಎಂದು ಲೆಕ್ಕ ಬಿಟ್ಟು ಏಳುತ್ತಿದ್ದಳು. ಆ ಲೆಕ್ಕ ಹೇಳಿಕೊಟ್ಟವಳು ನಾನು. ಈ ಮಾತನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳುತ್ತೇನೆಂದು ಮನೆಯವರ ದೂರಿದೆ.

ಚಿಕ್ಕಪ್ಪ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸುವವರು. ಮನೆಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮೊದಲು ಮಾಡಿದ್ದು ನಾನೇ. ಸಂಶೋಧನೆಗೆಂದು ಪ್ರವೇಶ ಪರೀಕ್ಷೆ ಬರೆದೆ, ಸೀಟು ಸಿಗಲಿಲ್ಲ, ಉಪನ್ಯಾಸಕಿಯಾದೆ. ತಿಪ್ಪಿ ಅದೇ ಪರೀಕ್ಷೆ ಬರೆದಳು, ಪುಣೆಗೆ ಹೋದಳು. ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಹುಟ್ಟುವುದರ ಬಗ್ಗೆ ಅವಳ ಸಂಶೋಧನೆ.

ಪರದೇಶದ ಯಾವುದೋ ದೂರದರ್ಶಕದ ಮುಂದೆ ಅವಳು ನಿಂತ ಫೋಟೊ ಅವ್ವನ ಫೋನಿಗೆ ಬಂತು. ಮನೆಗೆ ಬಂದವರಿಗೆಲ್ಲ ಅದರ ದರ್ಶನ. ಒಂದು ದಿನ ಕೊಂಡ್ಲಹಳ್ಳಿಯ ಅತ್ತೆಗೆ ತೋರಿಸುತ್ತ ಅವ್ವ ನನ್ನ ಕಡೆ ತಿರುಗಿ, "ನೀನೂ ಇದನ್ನೇ ಓದಿದ್ದಲ್ಲೇನೇ?" ಎಂದಳು. ಕೇಳಿದ್ದರಲ್ಲಿ ಕೊಂಕಿರಲಿಲ್ಲ, ಅದಕ್ಕೇ ಹೆಚ್ಚು ಉರಿಯಿತು. ತಿಪ್ಪಿ ಕಂಪ್ಯೂಟರ್ ಮುಂದೆ ಕೂರುವುದಷ್ಟೇ, ನಕ್ಷತ್ರ ಗಿಕ್ಷತ್ರ ಏನೂ ಕಾಣುವುದಿಲ್ಲ ಎಂದು ಹೇಳಿ ಒಳಗೆ ಹೋದೆ. ತಿಪ್ಪಿ ತಾನು ಬರೆದದ್ದನ್ನು ಕಳಿಸಿದರೆ, ತೆರೆಯದೆಯೇ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವಳು ಹೇಳದೆ ಕೇಳದೆ ಬಂದಳು. ಅವ್ವ ನಾಯಕನಹಟ್ಟಿಗೆ ಹೋಗಿದ್ದಳು. ತಿಪ್ಪಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಮೆಲ್ಲಗೆ ಎಲ್ಲ ಹೇಳಿದಳು. ವರ್ಷಗಟ್ಟಲೆ ಹಿಂದೆ ಬಿದ್ದಿದ್ದ ಪ್ರಶ್ನೆಗೆ ಬೇರೆ ದೇಶದವರು ಉತ್ತರ ಕಂಡುಕೊಂಡು ಮೊದಲೇ ಪ್ರಕಟಿಸಿಬಿಟ್ಟಿದ್ದರು. ಅವಳ ಫಲಿತಾಂಶವೂ ಹೆಚ್ಚುಕಡಿಮೆ ಅದೇ. ಇನ್ನು ವಾಪಸು ಹೋಗುವುದೋ ಬೇಡವೋ ತಿಳಿಯದು ಎಂದಳು.

ಅಯ್ಯೋ ಪಾಪ ಎಂದೆ. ಆದರೆ ಎದೆ ಹಗುರಾಗಿದ್ದು ಮುಖದಲ್ಲಿ ಕಂಡಿರಬೇಕು.

"ಖುಷಿ ಆಯ್ತಾ ಅಕ್ಕ?"

ಸುಳ್ಳು ಹೇಳೋಣವೆಂದರೆ ಬಾಯಿಗೆ ಬರಲಿಲ್ಲ. "ಸ್ವಲ್ಪ ಆಯ್ತು ಕಣೆ."

ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ನೀನೊಬ್ಬಳಾದ್ರೂ ನಿಜ ಹೇಳ್ದೆ ಬಿಡು. ಎಲ್ರೂ ಪಾಪ ಅಂದೂ ಅಂದೂ ಸಾಕಾಗೈತೆ."

ಅಷ್ಟು ವರ್ಷ ಅವಳ ಕೆಲಸ ಏನೆಂದು ನಾನು ಕೇಳಿರಲೇ ಇಲ್ಲ. ಅವತ್ತು ಕೇಳಿದೆ. ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಗ್ಯಾಲಕ್ಸಿ ನೀಲಿಯಾಗಿ ಕಾಣುತ್ತದೆ. ಹುಟ್ಟು ನಿಂತು ಮುದಿ ನಕ್ಷತ್ರಗಳಷ್ಟೇ ಉಳಿದದ್ದು ಕೆಂಪು. ಕೆಲವುಗಳಲ್ಲಿ ನಕ್ಷತ್ರವಾಗಲು ಬೇಕಾದ ಅನಿಲ ಧಾರಾಳವಾಗಿದ್ದರೂ ಒಂದೂ ಹುಟ್ಟುವುದಿಲ್ಲ. ಯಾಕೆ? ಅದೇ ಅವಳ ಪ್ರಶ್ನೆ. ಆ ವಿದೇಶದವರು ನೋಡಿದ್ದು ದೊಡ್ಡ ಗ್ಯಾಲಕ್ಸಿಗಳನ್ನು. ಚಿಕ್ಕವು ಹೇಗೆ ಎಂದು ಕೇಳಿದೆ. ಅವು ತೀರಾ ಮಸುಕು, ಕಷ್ಟವೆಂದು ಬಿಟ್ಟಿದ್ದೇನೆ ಎಂದಳು. ಹೇಳುತ್ತ ಹೇಳುತ್ತಲೇ ಬಿಟ್ಟಿದ್ದ ಆ ಚಿತ್ರಗಳನ್ನು ಒಂದೊಂದಾಗಿ ತೆರೆಯತೊಡಗಿದಳು. ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಮುಂದಿನ ವಾರ ಪುಣೆಗೆ ಹೋಗಿ ಆ ಚಿಕ್ಕ ಗ್ಯಾಲಕ್ಸಿಗಳನ್ನೇ ಹಿಡಿದಳು. ದಾರಿ ತೋರಿಸಿದವಳು ನಾನೇ ಎಂದು ಹೇಳಿಕೊಳ್ಳುವ ಆಸೆಯೇನೋ ಇತ್ತು. ಆದರೆ ಅವಳ ಗೈಡ್ ಅದೇ ಪ್ರಶ್ನೆಯನ್ನು ಎಂದೋ ಕೇಳಿದ್ದರಂತೆ.

ಈಗ ಅವಳು ಪ್ರಬಂಧ ಒಪ್ಪಿಸಿದ್ದಾಳೆ. ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ. ಮೊದಲು ಅವಳ ಫೋಟೊ, ಊರವರ ಹೊಗಳಿಕೆ ಕಂಡು ಉರಿಯುತ್ತಿತ್ತು, ಈಗ ಅವಳು ದಿನವಿಡೀ ಆ ಗ್ಯಾಲಕ್ಸಿಗಳನ್ನು ನೋಡುತ್ತ ಕೂರಬಹುದಲ್ಲ ಎಂದು ಉರಿಯುತ್ತದೆ. ಆ ಚಿತ್ರಗಳು ಯಾರು ಬೇಕಾದರೂ ನೋಡಲು ಸಿಗುತ್ತವೆಂದು ಅವಳೇ ಹೇಳಿಕೊಟ್ಟಳು. ಭಾನುವಾರ ಬಂತೆಂದರೆ ನಾನೂ ಕೂರುತ್ತೇನೆ. ಮೊನ್ನೆ ಪೂರಾ ಕೆಂಪಗಿದ್ದ ಪುಟ್ಟ ಗ್ಯಾಲಕ್ಸಿಯೊಂದರ ಅಂಚಿನಲ್ಲಿ ನೀಲಿ ಗೆರೆಯಂಥದ್ದೇನೋ ಕಂಡಿತು. ಕಳಿಸಿದೆ. ಇವತ್ತು ಬಸ್ಸಿನಲ್ಲಿರುವಾಗ ಉತ್ತರ ಬಂತು: "ಇದು ನನ್ನ ಕಣ್ಣಿಗೆ ಹೆಂಗೆ ತಪ್ಪಿತು ಅಕ್ಕ?"

ಆ ಸಾಲಿನಲ್ಲಿ ಸ್ವಲ್ಪವಾದರೂ ಹೊಟ್ಟೆಕಿಚ್ಚು ಇದೆಯೇ ಎಂದು ಮೊಳಕಾಲ್ಮೂರು ಬರುವವರೆಗೂ ಓದಿದೆ. ಇದ್ದ ಹಾಗೇ ಕಂಡಿತು.