ಎಡಗಡೆಯ ಸರಪಳಿ

ಸೆಲ್ಮರ್ ಟ್ವೈಟ್ ತೀರಿಕೊಂಡದ್ದು ಫೆಬ್ರವರಿಯಲ್ಲಿ, ನೆಲ ಹೆಪ್ಪುಗಟ್ಟಿ ಕಬ್ಬಿಣವಾಗಿದ್ದಾಗ. ವಿಸ್ಕಾನ್ಸಿನ್ನಿನ ಆ ಕಣಿವೆಯಲ್ಲಿ ಚಳಿಗಾಲದಲ್ಲಿ ಸತ್ತವರು ಮಣ್ಣಿಗೆ ಹೋಗಲು ವಸಂತದವರೆಗೆ ಕಾಯಬೇಕು. ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ, ನೆಲಮಾಳಿಗೆಯಲ್ಲಿ ಕಾಫಿ ಕುಡಿದು, ಪೆಟ್ಟಿಗೆಯನ್ನು ಗುಡ್ಡದ ಬದಿಯ ಕಲ್ಲಿನ ಕೋಣೆಯಲ್ಲಿಟ್ಟು ಎಲ್ಲರೂ ಮನೆಗೆ ಹೋದರು. ಆರ್ಡಿಸ್ ಕೂಡ ಹೋದಳು. ಆದರೆ ಗೆಳೆಯ ಇನ್ನೂ ಪೂರ್ತಿ ಹೊರಟಿಲ್ಲ, ಎಲ್ಲೋ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತ ಕೂತಿದ್ದಾನೆ ಎಂಬ ಭಾವ ಅವಳನ್ನು ಮೇ ತಿಂಗಳವರೆಗೂ ಬಿಡಲಿಲ್ಲ.

ಅವರ ಗೆಳೆತನ ಶುರುವಾದದ್ದು ಪುಸ್ತಕಗಳಿಂದ. ಆರ್ಡಿಸ್ ಆಗ ಜಿಲ್ಲಾ ಗ್ರಂಥಾಲಯದ ವ್ಯಾನು ಓಡಿಸುತ್ತಿದ್ದಳು. ಸೆಲ್ಮರನ ಕೊಟ್ಟಿಗೆಯ ಮುಂದೆ ನಿಲ್ಲಿಸಿ, ಹಿಂದಿನ ಮಡಚುಮೆಟ್ಟಿಲನ್ನು ಸರಪಳಿಯಿಂದ ಇಳಿಬಿಟ್ಟರೆ ಅವನು ಹಾಲಿನ ಕೈ ಒರೆಸಿಕೊಳ್ಳುತ್ತ ಹತ್ತಿ ಬರುತ್ತಿದ್ದ. ಬೇಕಾದದ್ದು ಒಂದೇ: ಕಡಲಿನ ಪುಸ್ತಕ. ಹಡಗು ಒಡೆದದ್ದು, ತಿಮಿಂಗಿಲ ಹಿಡಿದದ್ದು, ದ್ವೀಪದಲ್ಲಿ ಸಿಕ್ಕಿಬಿದ್ದದ್ದು, ಯಾವುದಾದರೂ ಆಗುತ್ತಿತ್ತು. ಅವನು ಕಡಲು ಕಂಡವನಲ್ಲ.

"ಒಂದ್ಸಲ ಹೋಗಿ ನೋಡ್ಬಾರ್ದೇನೋ?" ಎಂದು ಅವಳು ಕೇಳಿದ್ದಳು.

"ಹಸುಗಳ ಹಾಲು ನೀನು ಕರೀತೀಯೇನೇ?"

"ಹಸು ಮಾರಿದ್ಮೇಲೆ?"

"ಆಮೇಲೆ ಏನು ನೆಪ ಹೇಳ್ಬೇಕೂಂತ ಯೋಚ್ನೆ ಮಾಡ್ತಿದ್ದೀನಿ ಕಣೇ."

ಹಸು ಮಾರಿದ ಮೇಲೆ ಅವನಿಗೆ ನೆಪವಾಗಿ ಸಿಕ್ಕಿದ್ದು ಚರ್ಚಿನ ಸ್ಮಶಾನದ ಹುಲ್ಲು. ಯಾರೋ ಎಸೆಯಹೊರಟಿದ್ದ ಪುಟ್ಟ ಹುಲ್ಲು ಕೊಯ್ಯುವ ಗಾಡಿಯೊಂದನ್ನು ತಂದ. ಮೇಲೆ ಕೂತು ಓಡಿಸುವಂಥದ್ದು. ಮೊದಲ ಬೇಸಗೆಯಲ್ಲೇ ಅದನ್ನು ಓಕ್ ಮರದ ಬುಡಕ್ಕೆ ಗುದ್ದಿಸಿದ. ಮುಂದಿನ ಇಪ್ಪತ್ತು ಚಿಲ್ಲರೆ ಬೇಸಗೆ, ನೀಲಿ ಟೋಪಿ ಹಾಕಿಕೊಂಡು, ಅದರಲ್ಲೇ ಕಳೆದ. ಆರ್ಡಿಸ್ ಥರ್ಮಾಸಿನಲ್ಲಿ ಕಾಫಿ ತಂದು ಸ್ಮಶಾನದ ಗೋಡೆಯ ಮೇಲೆ ಕೂರುತ್ತಿದ್ದಳು. ಎಂಜಿನ್ನಿನ ಗುಯ್‌ಗುಟ್ಟುವಿಕೆಯ ಒಳಗೆಲ್ಲೋ ಕಿಣಿಕಿಣಿ ಎಂಬ ಸಣ್ಣ ಸದ್ದು ಗೋರಿಕಲ್ಲುಗಳ ಮರೆಗೆ ಹೋಗಿ ಮತ್ತೆ ಬರುತ್ತಿತ್ತು, ದೂರದಲ್ಲಿ ದನ ಮೇಯುತ್ತಿರುವ ಹಾಗೆ. ಅದು ಎಲ್ಲಿಂದ ಬರುತ್ತದೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಆ ಸದ್ದಿಗೆ ಅವಳಿಗೆ ತೂಕಡಿಕೆ ಬರುತ್ತಿತ್ತು. ಕಣ್ಣು ಬಿಟ್ಟಾಗ ಗುಡ್ಡದ ಹುಲ್ಲು ಉದ್ದುದ್ದಕ್ಕೆ ಸಣ್ಣ ಅಲೆಗಳಾಗಿ ಮಲಗಿರುತ್ತಿತ್ತು. ಗುಡ್ಡದ ನೆಲವೇ ಹಾಗೆ ಎಂದು ಊರು ನಂಬಿತ್ತು.

ಈಗ ಮೇ. ನೆಲ ಸಡಿಲವಾಗಿತ್ತು, ಶನಿವಾರ ಸೆಲ್ಮರನನ್ನು ಮಣ್ಣು ಮಾಡುವುದೆಂದು ನಿಶ್ಚಯವಾಗಿತ್ತು. ಹುಲ್ಲು ಮೊಣಕಾಲಿಗೆ ಬಂದಿತ್ತು. ಪಟ್ಟಣದ ಕಂಪನಿಯೊಂದು ದೊಡ್ಡ ಯಂತ್ರ ತರಲು ಸಿದ್ಧವಿತ್ತು, ಆದರೆ ಕೆಳಮೂಲೆಯ ಮಕ್ಕಳ ಗೋರಿಕಲ್ಲುಗಳ ನಡುವೆ ಅದು ನುಗ್ಗುವುದಿಲ್ಲ. ಕಲ್ಲುಗಳನ್ನು ಕಿತ್ತು ನೆಲಕ್ಕೆ ಸಮವಾಗಿ ಮಲಗಿಸಿಕೊಡಿ ಎಂದಿತು ಕಂಪನಿ. ಗಂಟಲುಮಾರಿಯ ಒಂದೇ ಚಳಿಗಾಲದಲ್ಲಿ ಹೋದ ಮಕ್ಕಳು ಅವರು. ಕುರಿಮರಿ ಕೆತ್ತಿದ ಒಂದು ಕಲ್ಲಿನಡಿ ಆರ್ಡಿಸಳ ಅಮ್ಮನ ಅಕ್ಕ ಬೋರ್ಗಿಲ್ಡ್ ಇದ್ದಳು; ನಾಲ್ಕು ವರ್ಷದವಳು, ಹಾಗೆಯೇ ಉಳಿದವಳು. ಆ ಸಂದಿಗಳಲ್ಲಿ ನುಸುಳುತ್ತಿದ್ದದ್ದು ಸೆಲ್ಮರನ ಗಾಡಿ ಮಾತ್ರ. ಶನಿವಾರದೊಳಗೆ ಅದು ಹುಲ್ಲು ಕೊಯ್ದರೆ ಸರಿ, ಇಲ್ಲವಾದರೆ ಕಂಪನಿಗೆ ಹೂಂ ಎನ್ನುವುದೆಂದು ಚರ್ಚಿನ ಸಮಿತಿ ತೀರ್ಮಾನಿಸಿತ್ತು.

ಗಾಡಿಯೇನೋ ಹೊಸ ಮದುಮಗನಂತಿತ್ತು. ಗಂಡಸು ಸತ್ತರೆ ಅವನು ಬಿಟ್ಟ ಕೆಲಸವನ್ನು ನೆರೆಯವರು ಬಂದು ಮುಗಿಸುವುದು ಆ ಊರಿನ ಪದ್ಧತಿ. ಸೆಲ್ಮರನಿಗೆ ಉಳುವ ಹೊಲವಿರಲಿಲ್ಲ, ಆದ್ದರಿಂದ ಫೆಬ್ರವರಿಯಲ್ಲಿ, ಪ್ರಾರ್ಥನೆಗೆ ಮುಂಚೆಯೇ, ಎಲ್ಲರೂ ಅವನ ಶೆಡ್ಡಿಗೆ ನುಗ್ಗಿ ಗಾಡಿ ತೊಳೆದು, ಗ್ರೀಸು ತುಂಬಿ, ಕೆಂಪು ಬಣ್ಣ ಬಳಿದಿದ್ದರು. ಮುಂದಾಳು ಡ್ವೇನ್, ಪಕ್ಕದ ಜಮೀನಿನವನು, ಸಮಿತಿಯ ಅಧ್ಯಕ್ಷ. ಆದರೆ ಈಗ ಹುಲ್ಲಿಗೆ ಇಳಿಸಿದರೆ, ಮೊದಲ ಸಾಲು ಮುಗಿಯುವ ಮೊದಲೇ ಗಾಡಿ ಕೀರಲು ದನಿ ತೆಗೆದು ರಬ್ಬರು ಸುಟ್ಟ ಹೊಗೆ ಕಾರಿತು. ಹೊಸ ಬೆಲ್ಟು ಹಾಕಿದರು. ಅದೂ ಉಜ್ಜಿ ಉಜ್ಜಿ ಕಪ್ಪು ಪುಡಿ ಉದುರಿಸಿತು.

ಶುಕ್ರವಾರ ಬೆಳಿಗ್ಗೆ ಆರ್ಡಿಸ್ ಹಳೆ ಕಂಬಳಿ ಹಾಸಿ ಗಾಡಿಯ ಪಕ್ಕ ಮಲಗಿದಳು. ವ್ಯಾನು ಕೆಟ್ಟಲ್ಲೆಲ್ಲ ತಾನೇ ಅಡಿಯಲ್ಲಿ ತೂರಿ ರಿಪೇರಿ ಮಾಡಿ ಅಭ್ಯಾಸವಿದ್ದವಳು. ಪ್ಲಗ್ಗಿನ ತಂತಿ ಕಿತ್ತು, ಗಾಡಿಯ ಹೊಟ್ಟೆಯಡಿ ತೂಗುವ ಡೆಕ್ಕನ್ನು, ಎಂದರೆ ಬ್ಲೇಡುಗಳ ಮೇಲಿನ ಅಗಲ ತಗಡಿನ ಮುಚ್ಚಳವನ್ನು, ಬೆರಳಿಂದ ತಡಕಿದಳು. ಡ್ವೇನ್ ಟೋಪಿ ತೆಗೆದು ನಿಂತಿದ್ದ.

"ಬೆಲ್ಟು ಬಿಗಿ ಹಿಡಿಯೋ ಸಣ್ಣ ರಾಟೆ ಅಲ್ಲಾಡ್ತಿದೆಯಾ?" ಎಂದು ಕೇಳಿದ.

"ಇಲ್ಲ. ಬೆಣ್ಣೆ ಥರ ತಿರುಗ್ತಿದೆ."

"ಸ್ಪ್ರಿಂಗು?"

"ನಿನಗಿಂತ ಚೆನ್ನಾಗಿದೆ. ಇಲ್ನೋಡು, ಬೆಲ್ಟು ಆಚೆ ಜಾರ್ದಂಗೆ ತಡೆಯೋ ಕಂಬಿ. ಇಲ್ಲಿ ಉಜ್ಜಿ ಬೆಳ್ಳಗಾಗಿದೆ."

"ಹಂಗಾದ್ರೆ ಕಂಬೀನ ಚೂರು ಬಗ್ಗಿಸೋಣ."

ಬಗ್ಗಿಸಿದರು. ತಂತಿ ಸಿಕ್ಕಿಸಿ ಓಡಿಸಿದರೆ ಬೆಲ್ಟು ಕಂಬಿ ಬಿಟ್ಟು ಡೆಕ್ಕಿನ ಅಂಚಿಗೆ ಉಜ್ಜಿತು. ಮತ್ತೆ ಹೊಗೆ.

"ಕಂಬೀದಲ್ಲ ತಪ್ಪು," ಎಂದಳು ಆರ್ಡಿಸ್. "ಬೆಲ್ಟೇ ಓರೆಯಾಗಿ ಇಳೀತಿದೆ."

"ಹೆಂಗಾಗುತ್ತೆ? ಡೆಕ್ಕು ಮಟ್ಟವಾಗಿದೆ. ನಾನೇ ಮಟ್ಟಗೋಲು ಇಟ್ಟು ನೋಡಿದೀನಿ."

"ಮತ್ಯಾಕೆ ಸುಡ್ತಿದೆ, ಹೇಳು."

ಡ್ವೇನ್ ಕತ್ತು ತುರಿಸಿಕೊಂಡ. "ಗಾಡಿಗೆ ವಯಸ್ಸಾಗಿದೆ ಪಾಪ. ಸಾಕು ಬಿಡಿ ಆರ್ಡಿಸ್. ಕಂಪನಿಯವ್ರು ಕಲ್ಲು ಒಡೆಯಲ್ಲ, ಮಲಗಿಸ್ತಾರೆ ಅಷ್ಟೆ."

"ಮಲಗಿಸಿದ ಕಲ್ಲಿನ ಮೇಲೆ ಹುಲ್ಲು ಹಬ್ಬೋಕೆ ಎಷ್ಟು ದಿನ ಬೇಕು? ಆಮೇಲೆ ಬೋರ್ಗಿಲ್ಡ್ ಎಲ್ಲಿದಾಳೆ ಅಂತ ಯಾರಿಗೆ ಗೊತ್ತಿರುತ್ತೆ?"

ಬ್ಲೇಡು ತಿರುಗಿಸದೆ ಸುಮ್ಮನೆ ಗಾಡಿ ಓಡಿಸು ಎಂದು ಹೇಳಿ ಆರ್ಡಿಸ್ ಗೋಡೆಯ ಮೇಲೆ ತನ್ನ ಹಳೆಯ ಜಾಗದಲ್ಲಿ ಹೋಗಿ ಕೂತಳು. ಡ್ವೇನ್ ಗಾಡಿಯನ್ನು ಮೆಲ್ಲಗೆ ಓಕ್ ಮರದವರೆಗೆ ಓಡಿಸಿದ. ಬಿಸಿಲು ಎಲೆಗಳಿಂದ ಸೋಸಿ ಇಳಿಯುತ್ತಿತ್ತು. ದಂಡೇಲಿಯನ್ ಹೂವಿನ ಬಿಳಿ ತುಪ್ಪಳ ಗಾಳಿಯಲ್ಲಿ ದಿಕ್ಕಿಲ್ಲದೆ ತೇಲುತ್ತಿತ್ತು. ಅವಳ ರೆಪ್ಪೆ ಭಾರವಾಯಿತು. ನೀಲಿ ಟೋಪಿಯೊಂದು ಕಲ್ಲುಗಳ ನಡುವೆ ತೇಲಿಹೋಯಿತು, ದೋಣಿಯ ಹಾಗೆ. ಇನ್ನೇನು ಈ ಕಡೆ ತಿರುಗಿ ಬರಬೇಕು. ಅವಳು ಕಾದಳು. ತಾನು ಕಾಯುತ್ತಿರುವುದು ಟೋಪಿಗಲ್ಲ, ಒಂದು ಸದ್ದಿಗೆ ಎಂದು ಆಗ ಹೊಳೆಯಿತು. ಅದು ಬರಲೇ ಇಲ್ಲ.

ಅವಳು ಎದ್ದು ನಿಂತಳು. "ಡ್ವೇನ್, ಕಿಣಿಕಿಣಿ ಎಲ್ಲಿ?"

"ಯಾವ ಕಿಣಿಕಿಣಿ?"

"ಈ ಗಾಡಿ ಓಡುವಾಗ ಕಿಣಿಕಿಣಿ ಅಂತಿತ್ತು. ಏನು ಕಿತ್ತಾಕಿದೆ ನೀನು?"

ಡ್ವೇನನ ಮುಖ ಗಾಡಿಯ ಬಣ್ಣಕ್ಕೆ ತಿರುಗಿತು. "ಡೆಕ್ಕಿನ ಎಡಗಡೆ ಹಿಂದಿನ ಮೂಲೇನ ಸೆಲ್ಮರ್ ದನದ ಕೊರಳ ಸರಪಳಿಗೆ ನೇತಾಕಿದ್ದ ಕಣ್ರೀ. ನಂಬರಿನ ಹಿತ್ತಾಳೆ ಬಿಲ್ಲೆ ಸಮೇತ. ಪಾಪ, ಕೊನೇವರೆಗೂ ಒಂದು ಕೊಂಡಿ ಕೊಳ್ಳೋಕೂ ಮನಸ್ಸು ಮಾಡ್ಲಿಲ್ವಲ್ಲ ಅಂತ... ನಾನೇ ಹೊಸ ಕಬ್ಬಿಣದ ಕೊಂಡಿ ತಂದು ಹಾಕಿದೆ."

"ಮರಕ್ಕೆ ಗುದ್ದಿ ಗಾಡಿಯ ಬೆನ್ನುಮೂಳೆ ಬಗ್ಗಿದೆ ಮಾರಾಯ. ಎಂಜಿನ್ನೇ ಓರೆ ಕೂತಿದೆ. ಓರೆ ಎಂಜಿನ್ನಿಗೆ ಮಟ್ಟದ ಡೆಕ್ಕು ಕಟ್ಟಿದ್ರೆ ಬೆಲ್ಟು ಇನ್ನೇನು ಮಾಡುತ್ತೆ? ಅದಕ್ಕೇ ಅವ್ನು ಆ ಮೂಲೇನ ಎತ್ತಿ ಕಟ್ಟಿದ್ದ. ಎಲ್ಲಿದೆ ಆ ಸರಪಳಿ?"

"ಅವನ ಹತ್ರಾನೇ ಇದೆ." ಡ್ವೇನ್ ಕಲ್ಲಿನ ಕೋಣೆಯ ಕಡೆ ಕಣ್ಣು ಹಾಯಿಸಿದ. "ಪ್ರಾರ್ಥನೆ ದಿನ ಹೆಂಗಸರು ಉಜ್ಜಿ ಫೋಟೋ ಪಕ್ಕ ಮೇಜಿನ ಮೇಲೆ ಇಟ್ಟಿದ್ರಲ್ಲ. ಅವನ ಕೊನೇ ಹಸೂದು ಅಂತ ನಾನೇ ಪೆಟ್ಟಿಗೇಲಿ ಹಾಕ್ದೆ, ಬೂಟಿನ ಹತ್ರ."

ಆರ್ಡಿಸಳಿಗೆ ನೆನಪಾಯಿತು: ಆ ಮೇಜು, ಹೊಳೆಯುವ ಬಿಲ್ಲೆ. ಹಸುವಿನ ನೆನಪಿಗೆ ಇಟ್ಟಿದ್ದಾರೆಂದುಕೊಂಡು ಅದನ್ನು ಬೆರಳಲ್ಲಿ ಮುಟ್ಟಿ ಮುಂದೆ ಹೋಗಿದ್ದಳು.

"ತೆಗೀಬೇಕು ಅಂತೀರಾ?" ಡ್ವೇನನ ದನಿ ಇಳಿದಿತ್ತು.

"ಮುಚ್ಚಿದ ಪೆಟ್ಟಿಗೇನ ಬೆಲ್ಟಿಗೋಸ್ಕರ ತೆಗ್ಸಿದ್ರೆ ಸೆಲ್ಮರ್ ಎದ್ದು ಕೂತು ಬೈತಾನೆ. ಬೇಡ. ಅದು ಅವನದೇ."

ಅವಳು ಮನೆಗೆ ಹೋಗಿ ಮುಂಬಾಗಿಲ ಚಪ್ಪರದಲ್ಲಿ ತೂಗುತ್ತಿದ್ದ ಹೂವಿನ ಬುಟ್ಟಿಯನ್ನು ಕೆಳಗಿಳಿಸಿದಳು. ಅದನ್ನು ಹಿಡಿದಿದ್ದದ್ದು ವ್ಯಾನಿನ ಮಡಚುಮೆಟ್ಟಿಲಿನ ಸರಪಳಿ. ಕೆಲಸದಿಂದ ನಿವೃತ್ತಳಾದ ದಿನ ಬಿಚ್ಚಿಕೊಂಡು ಬಂದಿದ್ದಳು. ಸೆಲ್ಮರ್ ಎಷ್ಟೋ ವರ್ಷ ಅದನ್ನೇ ಹಿಡಿದು ವ್ಯಾನು ಹತ್ತಿದ್ದ.

ಡ್ವೇನ್ ತನ್ನ ಹೊಸ ಕೊಂಡಿಯನ್ನು ಬಿಚ್ಚಿದ. ಡೆಕ್ಕಿನಡಿ ಹಲಗೆ ತುರುಕಿ, ಸರಪಳಿಯನ್ನು ಒಂದೊಂದೇ ಕಣ್ಣಿ ಮೋಟು ಮಾಡುತ್ತ ಆ ಮೂಲೆಯನ್ನು ಎತ್ತುತ್ತ ಹೋದರು. ಪ್ರತಿ ಸಲವೂ ಆರ್ಡಿಸ್ ರಾಟೆಯನ್ನು ಕೈಯಿಂದ ತಿರುಗಿಸಿ ಬೆಲ್ಟನ್ನು ನೋಡಿದಳು. ಒಂದು ಹಂತದಲ್ಲಿ ಬೆಲ್ಟು ಅಂಚನ್ನು ಬಿಟ್ಟು ಬೆರಳು ತೂರುವಷ್ಟು ದೂರದಲ್ಲಿ ಹಗುರಾಗಿ ಜಾರಿತು. ಬಗ್ಗಿಸಿದ ಕಂಬಿಯನ್ನು ಹಿಂದಿನಂತೆ ನೆಟ್ಟಗೆ ಮಾಡಿದರು.

ಡ್ವೇನ್ ದೂರ ನಿಂತು ನೋಡಿ, "ಸೊಟ್ಟಗಿದೆ," ಎಂದ.

"ಸೊಟ್ಟಗೇ ಇತ್ತು," ಎಂದಳು ಆರ್ಡಿಸ್.

ಮಧ್ಯಾಹ್ನವೆಲ್ಲ ಅವಳೇ ಓಡಿಸಿದಳು. ಹೊಗೆಯಿಲ್ಲ, ಕೀರಲು ದನಿಯಿಲ್ಲ. ಕಿಣಿಕಿಣಿಯೂ ಇರಲಿಲ್ಲ. ಕೆಳಮೂಲೆಯಲ್ಲಿ ಮಕ್ಕಳ ಕಲ್ಲುಗಳ ನಡುವೆ ಗಾಡಿ ಬೆಕ್ಕಿನಂತೆ ನುಸುಳಿತು; ಬೋರ್ಗಿಲ್ಡಳ ಕುರಿಮರಿ ಹುಲ್ಲಿನಿಂದ ತಲೆಯೆತ್ತಿತು. ಗುಡ್ಡದ ತುದಿಗೆ ಬಂದು ಹಿಂತಿರುಗಿ ನೋಡಿದಾಗ ಅವಳ ಕೈ ತಾನಾಗಿ ಬ್ರೇಕಿಗೆ ಹೋಯಿತು. ಎತ್ತಿ ಕಟ್ಟಿದ ಡೆಕ್ಕು ಪ್ರತಿ ಸಾಲಿನ ಎಡಕ್ಕೆ ಹುಲ್ಲನ್ನು ಎಳೆಯಷ್ಟು ಎತ್ತರ ಬಿಟ್ಟಿತ್ತು. ಇಳಿಬಿಸಿಲಿನಲ್ಲಿ ಗುಡ್ಡದ ತುಂಬ ಸಣ್ಣ ಅಲೆಗಳು, ಒಂದರ ಹಿಂದೊಂದು, ತೋಡಿಟ್ಟ ಗುಂಡಿಯವರೆಗೂ ಹೋಗಿ ಮುಟ್ಟುತ್ತಿದ್ದವು. ಅದು ನೆಲದ ಗುಣವಾಗಿರಲಿಲ್ಲ. ಅಷ್ಟು ವರ್ಷ ಸೆಲ್ಮರ್ ಮಾಡಿಟ್ಟದ್ದಾಗಿತ್ತು.

ಶನಿವಾರ ಜನ ಸೇರಿದರು. ಹುಲ್ಲು ನೋಡಿದರು, ಕಂಪನಿಯ ಮಾತನ್ನು ಯಾರೂ ಎತ್ತಲಿಲ್ಲ. ಆ ಚರ್ಚಿನವರು ಪೆಟ್ಟಿಗೆಯನ್ನು ಪಟ್ಟಿಗಳಲ್ಲಿ ಹಿಡಿದು ಕೈಯಿಂದಲೇ ಇಳಿಸುತ್ತಾರೆ. ಡ್ವೇನ್ ಎಡಗಡೆ ಕಾಲಿನ ಬದಿಗಿದ್ದ. ಅರ್ಧ ಇಳಿಸುವಾಗ ಅವನ ಕೈಯ ಪಟ್ಟಿ ಕೊಂಚ ಜಾರಿ, ಆ ಮೂಲೆ ತಗ್ಗಿತು. ಒಳಗೆ, ಬೂಟಿನ ಹತ್ತಿರ, ಏನೋ ಸರಿದು ಕಿಣಿ ಎಂದಿತು.

ಡ್ವೇನ್ ತಲೆಯೆತ್ತಿ ಆರ್ಡಿಸಳನ್ನು ನೋಡಿದ.

"ಎಡಗಡೆ ಚೂರು ಎತ್ತು," ಎಂದಳು ಅವಳು.

ಅವನು ಎತ್ತಿದ. ಪೆಟ್ಟಿಗೆ ಎಲ್ಲಿಯೂ ಉಜ್ಜದೆ ಇಳಿಯಿತು.