ಪಾಸಾಗದ ಅಧ್ಯಕ್ಷ

ಗೋಕಾಕದ ಕಾಲೇಜು ವಿದ್ಯಾರ್ಥಿಗಳ ಹಸಿರು ಬಳಗಕ್ಕೆ ಅಂಕಲಗಿಯ ಯಲ್ಲಾರಿ ಐದು ವರ್ಷದಿಂದ ಅಧ್ಯಕ್ಷ. ಪೇಪರ್ ಕಪ್ಪು ಬೇಡವೆಂದು, ಕಿಸೆಯಲ್ಲಿ ಸ್ಟೀಲಿನ ಲೋಟವಿಲ್ಲದೆ ಚಹಾದಂಗಡಿಗೆ ಹೋದವನಲ್ಲ. ಸಭೆಗೆ ಇಬ್ಬರೇ ಬಂದರೂ “ತಡೀರಿ, ಕೋರಂ ಆಗ್ಲಿ” ಎಂದು ಬಾಗಿಲು ನೋಡುತ್ತಾನೆ. ಮೂಡಲಗಿಯಿಂದ ಬರುವ ಸದಸ್ಯರು ಬಸ್ಸಿಗೆಂದು ಎದ್ದು ಹೋದ ಮೇಲೆ ಸಭೆಯ ಠರಾವು ತಾನೇ ಓದಿ, ತಾನೇ ಪಾಸು ಮಾಡಿ, ಸಸಿಗಳಿಗೂ ತಾನೇ ನೀರು ಹಾಕುತ್ತಾನೆ. “ಅಧ್ಯಕ್ಷರ, ನೀವು ಪಾಸಾಗೂದು ಯಾವ ಠರಾವಿನ್ಯಾಗ ಐತ್ರಿ?” ಎಂದು ಹುಡುಗಿಯರು ಕಾಡಿದರೆ ನಗುತ್ತಾನೆ. ಓದು ಮುಗಿಸಿದವರು ಬಳಗದಲ್ಲಿ ಇರಬಾರದೆಂಬ ನಿಯಮ ಅವನೇ ಬರೆದದ್ದು. ಮುಂದೆ ಹೊಣೆ ಹೊರುವವರು ಯಾರೂ ಇಲ್ಲ. ಅವನು ಹೊರಬಿದ್ದ ದಿನವೇ ಬಳಗಕ್ಕೆ ಬೀಗ. ಅದಕ್ಕೇ ಪ್ರತಿ ವರ್ಷ, ಬಾಯಿಪಾಠವಿರುವ ಪರಿಸರ ವಿಷಯದ ಪರೀಕ್ಷೆಯಲ್ಲಿ ಹಾಲ್ ಟಿಕೆಟ್ ನಂಬರಷ್ಟೇ ಬರೆದು, ಗಂಟೆ ಹೊಡೆಯುವವರೆಗೆ ಕೈಕಟ್ಟಿ ಕೂರುತ್ತಾನೆ. ಈ ಸಲ ಕಬ್ಬಿನ ಕೂಲಿ ಬಿಟ್ಟು ಬಂದು ಗೇಟಿನಲ್ಲಿ ಕಾದಿದ್ದ ಅವ್ವ, “ಪೇಪರ್ ಭಾಳ ಕಠಿಣ ಬಂದಿತ್ತೇನಪಾ?” ಎಂದಳು. “ಹೂಂ ಯವ್ವಾ,” ಎಂದ ಯಲ್ಲಾರಿ, “ಭಾಳ ಕಠಿಣ.”